ಡಿಮೆನ್ಷಿಯಾ ಇರುವವರೊಂದಿಗೆ ನಾಲ್ಕು ದಿನದ ಪ್ರವಾಸ: ಆರೈಕೆ ಮಾಡುವವರಿಗೂ ವಿಶ್ರಾಂತಿ ಸಿಗುವಂತೆ ಯೋಜಿಸುವ ಕ್ರಮ

ಡಿಮೆನ್ಷಿಯಾ ಅಂದರೆ ಮರೆವಿನ ಕಾಯಿಲೆ ಇರುವ ತಾಯಿಯನ್ನೋ ಗಂಡನನ್ನೋ ನೋಡಿಕೊಳ್ಳುತ್ತಿರುವ ಮನೆಯಲ್ಲಿ ಮೊದಲು ಮದುವೆ ಮುಂಜಿಗಳಿಗೆ ಹೋಗುವುದು ಕಡಿಮೆಯಾಗುತ್ತದೆ, ಆಮೇಲೆ ಊರಿನ ಜಾತ್ರೆ ತಪ್ಪುತ್ತದೆ, ಕೊನೆಗೆ ಆರೈಕೆ ಮಾಡುವವರು ಔಷಧದ ಅಂಗಡಿಯಿಂದಾಚೆ ಎಲ್ಲಿಗೂ ಹೋಗದಂತಾಗುತ್ತದೆ. 60 ವರ್ಷ ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಲ್ಲಿ ಬಹುಪಾಲು ಜನರ ಆರೈಕೆ ನಡೆಯುವುದು ಮನೆಯಲ್ಲಿ, ಅದೂ ಹೆಚ್ಚಿನ ಸಲ ಹೆಂಡತಿ, ಸೊಸೆ ಅಥವಾ ಮಗಳೊಬ್ಬಳ ಕೈಯಲ್ಲಿ. ಆ ಒಬ್ಬರಿಗೆ ರಜೆ ಎಂಬುದೇ ಇರುವುದಿಲ್ಲ.

ಬ್ರಿಟನ್ನಿನಲ್ಲಿ ಇದಕ್ಕಾಗಿಯೇ ರೂಪಿಸಿದ ನೆರವಿನ ಪ್ರವಾಸಗಳಿವೆ. 2009ರಲ್ಲಿ ಆರಂಭವಾದ ಡಿಮೆನ್ಷಿಯಾ ಅಡ್ವೆಂಚರ್ ಎಂಬ ಸಂಸ್ಥೆ ಅಂಥ ಪ್ರವಾಸಗಳಿಗೆ ಹೆಸರಾಗಿದೆ. ಅಲ್ಲಿನ ಕ್ರಮದಲ್ಲಿ ಕಾಯಿಲೆ ಇರುವವರನ್ನು ಎಲ್ಲೋ ಬಿಟ್ಟು ಮನೆಯವರು ಬೇರೆಡೆ ಹೋಗುವುದಿಲ್ಲ. ಇಬ್ಬರೂ ಒಟ್ಟಿಗೆ ಹೋಗುತ್ತಾರೆ, ತಂಡ ಚಿಕ್ಕದಿರುತ್ತದೆ, ತರಬೇತಿ ಪಡೆದವರು ಜೊತೆಗಿದ್ದು ದೈನಂದಿನ ಆರೈಕೆಯ ಹೊರೆಯನ್ನು ಹೊರುತ್ತಾರೆ. ನಮ್ಮಲ್ಲಿ ಇಂಥ ವ್ಯವಸ್ಥೆ ಸುಲಭವಾಗಿ ಕೈಗೆ ಸಿಗುವುದಿಲ್ಲ. ಆದರೆ ಅದರ ತಿರುಳು ಕಷ್ಟದ್ದಲ್ಲ, ಮನೆಯವರೇ ಕೂಡಿ ಅದನ್ನು ಕಟ್ಟಿಕೊಳ್ಳಬಹುದು. ಅದು ಹೇಗೆ ಎಂಬುದನ್ನು ಕರ್ನಾಟಕದೊಳಗಿನ ಮೂರು ರಾತ್ರಿ, ನಾಲ್ಕು ಹಗಲಿನ ಪ್ರವಾಸವೊಂದನ್ನು ಲೆಕ್ಕದಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ಒಂದು ಮಾತನ್ನು ಮೊದಲೇ ಹೇಳುತ್ತೇನೆ: ನಾವು ಸಾಮಾನ್ಯವಾಗಿ ಮೊದಲು ಊರು ಆರಿಸಿ, ಆಮೇಲೆ ಕೋಣೆ ಕಾದಿರಿಸಿ, ಕೊನೆಗೆ ಯಾರು ಬರುತ್ತಾರೆ ಎಂದು ಕೇಳುತ್ತೇವೆ. ಇಲ್ಲಿ ಆ ಕ್ರಮ ತಲೆಕೆಳಗಾಗಬೇಕು. ಜೊತೆಗೆ ಬರುವ ಸಹಾಯಕರು ಮೊದಲು, ಊರು ಆಮೇಲೆ.

ಹಂತ 1: ಈಗ ಹೋಗಬಹುದೇ ಎಂದು ವೈದ್ಯರಲ್ಲಿ ಕೇಳಿ

ಹೊರಡುವ ಮೂರು ವಾರ ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕಾಣಿ. ಇತ್ತೀಚೆಗೆ ಆಸ್ಪತ್ರೆಯಿಂದ ಮನೆಗೆ ಬಂದವರು, ಕಳೆದ ಕೆಲವು ವಾರಗಳಲ್ಲಿ ಬಿದ್ದು ಪೆಟ್ಟು ಮಾಡಿಕೊಂಡವರು, ಜ್ವರ ಅಥವಾ ಮೂತ್ರದ ಸೋಂಕಿನಿಂದ ಹಠಾತ್ತನೆ ಗೊಂದಲ ಹೆಚ್ಚಾದವರು, ನುಂಗುವಾಗ ಪದೇ ಪದೇ ಕೆಮ್ಮುವವರು ಈಗ ಹೊರಡದಿರುವುದೇ ಸರಿ. ಹಾಗೆಯೇ ಮನೆಯಲ್ಲೇ ರಾತ್ರಿಯಿಡೀ ಎದ್ದು ಓಡಾಡುವವರು ಹೊಸ ಜಾಗದಲ್ಲಿ ಮಲಗುತ್ತಾರೆ ಎಂದು ನಂಬಬಾರದು. ಮೊದಲು ಆ ನಿದ್ರೆಯ ತೊಂದರೆಗೆ ಕಾರಣ ಹುಡುಕಿಸಿ.

ಔಷಧಗಳ ವಿಷಯದಲ್ಲಿ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಘಾಟಿಯ ತಿರುವಿನಲ್ಲಿ ವಾಂತಿ ಬಾರದಿರಲಿ ಎಂದು ನಾವು ಅಂಗಡಿಯಿಂದ ತಂದು ಕೊಡುವ ಅವೋಮಿನ್, ನೆಗಡಿಗೆ ಕೊಡುವ ಅವಿಲ್ ಮುಂತಾದ ಮಾತ್ರೆಗಳು ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ; ಡೊನೆಪೆಜಿಲ್‌ನಂಥ ಡಿಮೆನ್ಷಿಯಾ ಔಷಧಗಳು ಹೆಚ್ಚಿಸಲು ಯತ್ನಿಸುವುದು ಅದೇ ರಾಸಾಯನಿಕವನ್ನು. ಹೀಗಾಗಿ ಆರೋಗ್ಯವಂತರಿಗೆ ತೂಕಡಿಕೆಯಷ್ಟೇ ತರುವ ಮಾತ್ರೆ ಇವರಲ್ಲಿ ದಿನವಿಡೀ ಭ್ರಮೆ, ಮಲಬದ್ಧತೆ, ಮೂತ್ರ ಕಟ್ಟುವಿಕೆಯನ್ನು ತರಬಲ್ಲದು. ಪ್ರಯಾಣದಲ್ಲಿ ಮಲಗಿಕೊಂಡಿರಲಿ ಎಂದು ನಿದ್ರೆ ಮಾತ್ರೆ ಕೊಡುವುದೂ ಬೀಳುವುದಕ್ಕೆ ದಾರಿ. ವಾಂತಿಗೆ ಏನು ಕೊಡಬಹುದೆಂದು ವೈದ್ಯರೇ ಬರೆದುಕೊಡಲಿ. ಎರಡನೆಯದು, ಕಾಯಿಲೆ ಲೂಯಿ ಬಾಡಿ ಡಿಮೆನ್ಷಿಯಾ ಎಂಬ ಬಗೆಯದಾಗಿದ್ದರೆ ಅಥವಾ ಪಾರ್ಕಿನ್ಸನ್ ಕಾಯಿಲೆಯೂ ಇದ್ದರೆ ‘ಹ್ಯಾಲೊಪೆರಿಡಾಲ್ ಕೊಡಬಾರದು’ ಎಂದು ಚೀಟಿಯ ಮೇಲ್ಭಾಗದಲ್ಲೇ ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ. ಅಪರಿಚಿತ ಊರಿನ ತುರ್ತು ವಿಭಾಗದಲ್ಲಿ ಕಿರುಚಾಡುವ ರೋಗಿಗೆ ಕೊಡುವ ಚುಚ್ಚುಮದ್ದು ಬಹಳ ಸಲ ಅದೇ ಆಗಿರುತ್ತದೆ, ಮತ್ತು ಲೂಯಿ ಬಾಡಿ ಇರುವವರಿಗೆ ಅದು ಪ್ರಾಣಾಪಾಯ ತರಬಲ್ಲದು.

ಹಂತ 2: ಜೊತೆಗಾರರನ್ನು ಗೊತ್ತುಮಾಡಿ

ಪ್ರವಾಸದ ಖರ್ಚಿನಲ್ಲಿ ಎಲ್ಲಿಯಾದರೂ ಕೈ ಹಿಡಿಯಬೇಕಾದರೆ ಕೋಣೆಯ ಬಾಡಿಗೆಯಲ್ಲಿ ಹಿಡಿಯಿರಿ, ಊಟದಲ್ಲಿ ಹಿಡಿಯಿರಿ, ನಾಲ್ಕು ದಿನವನ್ನು ಮೂರಕ್ಕೆ ಇಳಿಸಿ. ಸಹಾಯಕರನ್ನು ಮಾತ್ರ ಬಿಡಬೇಡಿ. ಸಹಾಯಕರಿಲ್ಲದ ಪ್ರವಾಸದಲ್ಲಿ ಆರೈಕೆ ಮಾಡುವವರು ಮನೆಯಲ್ಲಿ ಮಾಡುವ ಎಲ್ಲ ಕೆಲಸವನ್ನೂ ಅನುಕೂಲವಿಲ್ಲದ ಜಾಗದಲ್ಲಿ ಮಾಡುತ್ತಾರೆ, ಅಷ್ಟೇ.

ಮನೆಯಲ್ಲಿ ಈಗಾಗಲೇ ಅಟೆಂಡರ್ ಅಥವಾ ಹೋಂ ನರ್ಸ್ ಇದ್ದರೆ ಅವರೇ ಬರುವುದು ಉತ್ತಮ. ಇಲ್ಲದಿದ್ದರೆ ಹೊಸಬರನ್ನು ಕನಿಷ್ಠ ಎರಡು ವಾರ ಮೊದಲೇ ಮನೆಗೆ ಕರೆಸಿ, ದಿನಕ್ಕೆ ಕೆಲವು ಗಂಟೆಯಾದರೂ ಅವರ ಕೈಯಿಂದ ಊಟ, ಸ್ನಾನ, ಶೌಚ ರೂಢಿಯಾಗಲಿ. ಡಿಮೆನ್ಷಿಯಾ ಇರುವವರು ಹೆಸರು ಮರೆತರೂ ಪರಿಚಿತ ದನಿ ಮತ್ತು ಮುಟ್ಟುವ ರೀತಿಯನ್ನು ಗುರುತಿಸುತ್ತಾರೆ; ಅಪರಿಚಿತ ಊರಿನಲ್ಲಿ ಅಪರಿಚಿತ ಕೈಯೂ ಸೇರಿದರೆ ಅವರಿಗೆ ಆಸರೆಯೇ ಇರುವುದಿಲ್ಲ. ಸಹಾಯಕರು ಯಾರ ಜೊತೆಗೆ ಶೌಚಾಲಯದೊಳಗೆ ಹೋಗಬೇಕು ಎಂಬುದನ್ನೂ ಯೋಚಿಸಿ. ತಾಯಿಯನ್ನು ಕರೆದೊಯ್ಯುವ ಮಗ ದಾರಿಯ ಮಹಿಳೆಯರ ಶೌಚಾಲಯಕ್ಕೆ ಹೋಗಲಾರ, ಗಂಡನನ್ನು ಕರೆದೊಯ್ಯುವ ಹೆಂಡತಿ ಪುರುಷರದಕ್ಕೆ ಹೋಗಲಾರಳು. ಈ ಒಂದು ಕಾರಣಕ್ಕೇ ಎಷ್ಟೋ ಮನೆಗಳವರು ಹೊರಡುವುದನ್ನು ಬಿಟ್ಟಿದ್ದಾರೆ.

ಅವರೊಂದಿಗೆ ಹೊರಡುವ ಮೊದಲೇ ಮಾತು ಸ್ಪಷ್ಟವಾಗಿರಲಿ: ಹಗಲಿನಲ್ಲಿ ಎಷ್ಟು ಗಂಟೆ, ರಾತ್ರಿ ಯಾರ ಸರದಿ, ಹೆಚ್ಚುವರಿ ಸಂಬಳ ಎಷ್ಟು, ಅವರು ಮಲಗುವುದು ಎಲ್ಲಿ, ಅವರ ಊಟ ಯಾವಾಗ. ಒಬ್ಬರೇ ಇಪ್ಪತ್ತನಾಲ್ಕು ಗಂಟೆ ಎಚ್ಚರವಿರಲು ಸಾಧ್ಯವಿಲ್ಲ, ಹಾಗೆ ಕೇಳುವುದು ನ್ಯಾಯವೂ ಅಲ್ಲ. ರಾತ್ರಿ ಏಳುವ ಅಭ್ಯಾಸವಿದ್ದರೆ ಇನ್ನೊಬ್ಬ ಸಂಬಂಧಿಕರು ಬೇಕು. ‘ನಮ್ಮಿಂದ ಏನಾದರೂ ಸಹಾಯ ಬೇಕಿದ್ದರೆ ಹೇಳಿ’ ಎಂದು ಫೋನಿನಲ್ಲಿ ಹೇಳುವ ಅಣ್ಣತಮ್ಮಂದಿರಿಗೆ ಎರಡು ರಾತ್ರಿಯ ಸರದಿಯನ್ನು ನೇರವಾಗಿಯೇ ಕೇಳಿ.

ಇದೇ ಹಂತದಲ್ಲಿ ಮುಖ್ಯ ಆರೈಕೆದಾರರ ಬಿಡುವನ್ನೂ ಕಾಗದದ ಮೇಲೆ ಬರೆದಿಡಿ. ಮಧ್ಯಾಹ್ನ 2ರಿಂದ 5ರವರೆಗೆ ಅವರು ಕರೆಗೆ ಸಿಗುವುದಿಲ್ಲ, ಮೂರು ರಾತ್ರಿಗಳಲ್ಲಿ ಎರಡು ರಾತ್ರಿ ಅವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಾರೆ ಎಂಬ ಹಾಗೆ. ಬರೆಯದೆ ಬಿಟ್ಟರೆ ಅವರೇ ಏಳುತ್ತಾರೆ. ವರ್ಷಗಳ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಪ್ರವಾಸ ಚೆನ್ನಾಯಿತೇ ಎಂದು ಅಳೆಯಲು ನಾನು ನೋಡುವುದು ಎಷ್ಟು ಜಾಗ ನೋಡಿದಿರಿ ಎಂಬುದನ್ನಲ್ಲ, ಆ ಹೆಂಡತಿ ಅಥವಾ ಸೊಸೆ ಎಷ್ಟು ಗಂಟೆ ಒಂದೇ ಸಮನೆ ನಿದ್ರಿಸಿದಳು ಎಂಬುದನ್ನು.

ಹಂತ 3: ಊರು ಮತ್ತು ತಂಗುವ ಮನೆ

ಬಾಗಿಲಿನಿಂದ ಬಾಗಿಲಿಗೆ ನಾಲ್ಕು ಗಂಟೆ ಮೀರದ ಊರನ್ನು ಆರಿಸಿ. ಬೆಂಗಳೂರಿನವರಿಗೆ ಮೈಸೂರು ಈ ಮಿತಿಯೊಳಗಿದೆ, ಹಗಲಿನಲ್ಲಿ ರೈಲುಗಳು ಬೇಕಾದಷ್ಟಿವೆ, ದೊಡ್ಡ ಆಸ್ಪತ್ರೆಗಳೂ ಇವೆ. ಮಂಗಳೂರು, ಉಡುಪಿ ಕಡೆಯವರಿಗೆ ಕುಂದಾಪುರದ ಆಚೀಚೆಯ ಕಡಲತೀರ, ಶಿವಮೊಗ್ಗದವರಿಗೆ ಸಾಗರದ ಸುತ್ತಲಿನ ತೋಟದ ಮನೆಗಳು ಹತ್ತಿರ. ಅವರು ಬಾಲ್ಯ ಕಳೆದ ಊರು ಹತ್ತಿರವಿದ್ದರೆ ಅದು ಸೊಗಸು ಎನಿಸಬಹುದು, ಆದರೆ ಹಳೆಯ ಮನೆ ಬಿದ್ದುಹೋಗಿದ್ದರೆ ಅಥವಾ ಬೇರೆಯವರ ಕೈಯಲ್ಲಿದ್ದರೆ ಅಲ್ಲಿಗೆ ಕರೆದೊಯ್ಯುವುದು ಸಂಕಟಕ್ಕೂ ಕಾರಣವಾಗಬಲ್ಲದು. ಅದೇ ಸೀಮೆಯ ಗಾಳಿ, ಮಾತು, ಊಟ ಸಾಕು. ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗಿನ ಕಾಲ ಹಿತವಾದದ್ದು. ದಸರೆಯ ದಿನಗಳ ಮೈಸೂರು, ಮೂರು ದಿನ ಸಾಲು ರಜೆ ಬಂದಾಗಿನ ಕೊಡಗು, ಏಪ್ರಿಲ್–ಮೇ ತಿಂಗಳ ಬಿಸಿಲು ಬೇಡ.

ಕೋಣೆ ಕಾದಿರಿಸುವ ಮೊದಲು ಮಾಲೀಕರಿಗೆ ಫೋನ್ ಮಾಡಿ ಕೇಳಬೇಕಾದವು ಅನೇಕ. ಕೋಣೆ ನೆಲಮಹಡಿಯಲ್ಲಿದೆಯೇ? ಹಾಸಿಗೆಯಿಂದ ಶೌಚಾಲಯದ ಬಾಗಿಲು ಕಾಣುತ್ತದೆಯೇ? ಕಮೋಡ್ ಇದೆಯೇ, ಪಕ್ಕದಲ್ಲಿ ಹಿಡಿಗಂಬಿ ಇದೆಯೇ? ಸ್ನಾನದ ಮನೆಯ ಒಳಗಿನ ಚಿಲಕವನ್ನು ಹೊರಗಿನಿಂದ ತೆಗೆಯಬಹುದೇ? ಸಹಾಯಕರಿಗೆ ಪಕ್ಕದಲ್ಲೇ ಕೋಣೆ ಸಿಗುತ್ತದೆಯೇ? ಹೋಂಸ್ಟೇ ಆದರೆ ಅಂಗಳದಲ್ಲಿ ಕಟ್ಟೆಯಿಲ್ಲದ ಬಾವಿ, ಕೃಷಿ ಹೊಂಡ, ಹಿಂದೆ ಹೊಳೆ ಇದೆಯೇ ಎಂದು ವಿಚಾರಿಸಿ. ಇದ್ದರೆ ಎಷ್ಟೇ ಚೆಂದದ ಜಾಗವಾದರೂ ಬಿಟ್ಟುಬಿಡಿ. ಮಲೆನಾಡಿನಲ್ಲಿ ಇನ್ನೆರಡು ಪ್ರಶ್ನೆಗಳಿವೆ. ಕರೆಂಟು ಹೋದಾಗ ಕೋಣೆಯಲ್ಲಿ ತಾನಾಗಿ ಬೆಳಕು ಬರುವ ವ್ಯವಸ್ಥೆ ಇದೆಯೇ? ಮೊಬೈಲ್ ಸಿಗ್ನಲ್ ಸಿಗುತ್ತದೆಯೇ? ದಾರಿ ತಪ್ಪಿದವರನ್ನು ಹುಡುಕಲೆಂದು ಕೊಳ್ಳುವ ಜಿಪಿಎಸ್ ವಾಚು, ಟ್ಯಾಗುಗಳು ತಾವಿರುವ ಜಾಗವನ್ನು ನಿಮಗೆ ತಿಳಿಸುವುದು ಸಾಮಾನ್ಯವಾಗಿ ಮೊಬೈಲ್ ಜಾಲದ ಮೂಲಕವೇ. ಸಿಗ್ನಲ್ ಇಲ್ಲದ ಕಾಡಂಚಿನಲ್ಲಿ ಅವನ್ನು ನೆಚ್ಚಿ ಕೂರಬಾರದು. ಅರ್ಧ ಗಂಟೆಯ ದಾರಿಯಲ್ಲಿ ರಾತ್ರಿಯೂ ತೆರೆದಿರುವ ಆಸ್ಪತ್ರೆ ಯಾವುದೆಂದು ಗೊತ್ತುಮಾಡಿಕೊಳ್ಳಿ.

ಕಾಯಿಲೆಯ ವಿಷಯವನ್ನು ಮಾಲೀಕರಿಂದ ಮುಚ್ಚಿಡಬೇಡಿ. ‘ನಮ್ಮ ತಂದೆಗೆ ಮರೆವಿನ ಕಾಯಿಲೆ ಇದೆ, ಗೇಟಿನ ಬಳಿ ಒಬ್ಬರೇ ಕಂಡರೆ ಮಾತನಾಡಿಸಿ ನಿಲ್ಲಿಸಿಕೊಂಡು ನಮಗೆ ಹೇಳಿ’ ಎಂದರೆ ಹೆಚ್ಚಿನವರು ಸಹಕರಿಸುತ್ತಾರೆ. ಈ ಮಾತಿಗೆ ಹಿಂದೆಮುಂದೆ ನೋಡುವವರ ಮನೆ ನಿಮಗೆ ಬೇಡ.

ಹಂತ 4: ಒಂದು ರಾತ್ರಿಯ ಪರೀಕ್ಷೆ

ಹೊರಡುವ ಹತ್ತು ದಿನ ಮೊದಲು ಅದೇ ಸಹಾಯಕರೊಂದಿಗೆ, ಅದೇ ಚೀಲದೊಂದಿಗೆ, ಹತ್ತಿರದ ಬಂಧುಗಳ ಮನೆಯಲ್ಲಿ ಒಂದು ರಾತ್ರಿ ತಂಗಿ. ಮರುದಿನ ಬೆಳಿಗ್ಗೆಯೊಳಗೆ ಏನೇನು ಮರೆತಿರಿ, ಎಲ್ಲಿ ತೊಡಕಾಯಿತು ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಆ ರಾತ್ರಿ ಯಾರಿಗೂ ನಿದ್ರೆಯಾಗದಿದ್ದರೆ ಪ್ರವಾಸವನ್ನು ಹಗಲಿನ ಸುತ್ತಾಟಕ್ಕೆ ಇಳಿಸಿ.

ಹಂತ 5: ಚೀಲ ಮತ್ತು ಕಾಗದಪತ್ರ

ಮಾತ್ರೆಗಳು ಪ್ರವಾಸದ ದಿನಗಳಿಗಿಂತ ಮೂರು ದಿನಕ್ಕೆ ಹೆಚ್ಚಿಗೆ ಇರಲಿ, ಅರ್ಧ ಕೈಚೀಲದಲ್ಲಿ, ಅರ್ಧ ಇನ್ನೊಬ್ಬರ ಬಳಿ. ರಿವಾಸ್ಟಿಗ್ಮಿನ್ ಎಂಬ ಡಿಮೆನ್ಷಿಯಾ ಔಷಧದ ಪಟ್ಟಿಯನ್ನು ಚರ್ಮಕ್ಕೆ ಹಚ್ಚುವವರಾದರೆ ಹೊಸದನ್ನು ಅಂಟಿಸುವ ಮೊದಲು ಹಳೆಯದನ್ನು ಕಿತ್ತಿದ್ದೀರಾ ಎಂದು ಬೆನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಇಬ್ಬರು ಸರದಿಯಲ್ಲಿ ನೋಡಿಕೊಳ್ಳುವಾಗ ಎರಡು ಪಟ್ಟಿ ಒಟ್ಟಿಗೆ ಉಳಿದು ಔಷಧ ಇಮ್ಮಡಿಯಾಗುವ ಸಂಭವ ಇದೆ. ವೈದ್ಯರ ಚೀಟಿ, ಆಧಾರ್, ವಿಮೆಯ ಪತ್ರಗಳ ಫೋಟೊ ಇಬ್ಬರ ಮೊಬೈಲಿನಲ್ಲೂ ಇರಲಿ.

ಒಂದೇ ಪುಟದ ದಿನಚರಿಯನ್ನು ಸಹಾಯಕರಿಗೆ ತಿಳಿಯುವ ಭಾಷೆಯಲ್ಲಿ ಬರೆಯಿರಿ. ಕಾಫಿ ಎಷ್ಟು ಹೊತ್ತಿಗೆ, ಸಕ್ಕರೆ ಎಷ್ಟು, ಸ್ನಾನಕ್ಕೆ ಯಾವ ಮಾತು ಹೇಳಿದರೆ ಬರುತ್ತಾರೆ, ಮೂತ್ರಕ್ಕೆ ಹೋಗಬೇಕೆನಿಸಿದಾಗ ಏನು ಮಾಡುತ್ತಾರೆ (ಪಂಚೆಯ ಅಂಚು ಎಳೆಯುವುದು, ಎದ್ದು ಗೋಡೆ ಸವರುವುದು), ಯಾವ ಹೆಸರು ಹೇಳಿದರೆ ಸಿಟ್ಟಾಗುತ್ತಾರೆ, ಯಾವ ದೇವರನಾಮ ಕೇಳಿದರೆ ಸುಮ್ಮನಾಗುತ್ತಾರೆ ಎಂಬ ವಿವರಗಳೇ ಅದರಲ್ಲಿರಬೇಕು.

ಮನೆಯಿಂದ ಅವರ ದಿಂಬು, ಹೊದಿಕೆ ಅಥವಾ ಕೌದಿ, ದಿನವೂ ಕಾಫಿ ಕುಡಿಯುವ ಲೋಟ, ಚಪ್ಪಲಿ, ಮಲಗುವ ಮೊದಲು ಕೈಮುಗಿಯುವ ದೇವರ ಫೋಟೊ ಬರಲಿ. ಹಾಸಿಗೆಗೆ ರಬ್ಬರ್ ಹಾಳೆ, ಡೈಪರ್, ಎರಡು ರಾತ್ರಿದೀಪ, ಟಾರ್ಚು ಬೇಕು. ಡೈಪರ್ ಕಟ್ಟುವುದು ಅವಮಾನವೆಂದು ಮನೆಯಲ್ಲಿ ಬಿಟ್ಟವರೂ ಪ್ರಯಾಣದ ಗಂಟೆಗಳಿಗಾದರೂ ಬಳಸುವುದು ಒಳ್ಳೆಯದು. ಹಾಗೆಂದು ದಾರಿಯಲ್ಲಿ ಶೌಚದ ತೊಂದರೆ ತಪ್ಪಲೆಂದು ನೀರು ಕುಡಿಸದಿರುವುದು ಅಪಾಯ. ನೀರು ಕಡಿಮೆಯಾದರೆ ಮೂತ್ರದ ಸೋಂಕು, ಮಲಬದ್ಧತೆ, ಅದರಿಂದ ಗೊಂದಲ.

ಹಂತ 6: ಪ್ರಯಾಣ

ಅವರು ಲವಲವಿಕೆಯಿಂದಿರುವ ಹೊತ್ತಿಗೆ, ಸಾಮಾನ್ಯವಾಗಿ ತಿಂಡಿಯ ನಂತರ ಹೊರಟು, ಮಧ್ಯಾಹ್ನ 3ರೊಳಗೆ ತಲುಪುವಂತಿರಲಿ. ಪ್ರವಾಸದ ಸುದ್ದಿಯನ್ನು ವಾರದ ಮೊದಲೇ ಹೇಳಿದರೆ ‘ಯಾವಾಗ ಹೊರಡುವುದು’ ಎಂಬ ಆತಂಕ ದಿನವೂ ಕಾಡುತ್ತದೆ. ಹೊರಡುವ ಬೆಳಿಗ್ಗೆ ಹೇಳಿದರೆ ಸಾಕು.

ಕಾರಿನಲ್ಲಿ ಅವರು ಹಿಂದಿನ ಸೀಟಿನಲ್ಲಿ, ಪಕ್ಕದಲ್ಲಿ ಸಹಾಯಕರು, ಬಾಗಿಲಿಗೆ ಚೈಲ್ಡ್ ಲಾಕ್. ಒಂದೂವರೆ ಗಂಟೆಗೊಮ್ಮೆ, ಕೇಳದಿದ್ದರೂ, ಶೌಚಕ್ಕೆ ನಿಲ್ಲಿಸಿ. ರೈಲಾದರೆ ಹಗಲು ರೈಲೇ ಆಗಬೇಕು, ಡಬ್ಬಿಯ ಬಾಗಿಲಿನಿಂದ ದೂರದ ಆಸನವಾಗಬೇಕು. ರಾತ್ರಿ ರೈಲಿನಲ್ಲಿ ಎಲ್ಲರೂ ಮಲಗಿರುವಾಗ ಎದ್ದು, ನಿಂತ ನಿಲ್ದಾಣದಲ್ಲಿ ಮನೆ ಬಂತೆಂದು ಇಳಿದುಬಿಡುವ ಅಪಾಯವನ್ನು ತಡೆಯುವ ಉಪಾಯ ಯಾವುದೂ ಇಲ್ಲ. ರೈಲಿನಲ್ಲಿ ತೊಂದರೆಯಾದರೆ 139ಕ್ಕೆ ಕರೆ ಮಾಡಬಹುದು. ಹೊರನಾಡಿನಿಂದ ಬರುವ ಮಕ್ಕಳು ವಿಮಾನದಲ್ಲಿ ಕರೆದೊಯ್ಯುವುದಾದರೆ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ. ಕಣ್ಣಿಗೆ ಕಾಣದ ಅಸ್ವಸ್ಥತೆ ಇರುವವರಿಗೆಂದು ಲಂಡನ್ನಿನ ಗ್ಯಾಟ್ವಿಕ್‌ನಲ್ಲಿ 2016ರಲ್ಲಿ ಆರಂಭವಾದ, ಸೂರ್ಯಕಾಂತಿ ಚಿತ್ರದ ಹಸಿರು ಕೊರಳಪಟ್ಟಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಬಳಕೆಯಲ್ಲಿದೆ. ಭದ್ರತಾ ತಪಾಸಣೆಯಲ್ಲಿ ಮನೆಯವರೊಬ್ಬರು ಮೊದಲು ದಾಟಿ ಆಚೆ ಬದಿಯಲ್ಲಿ ಕಾಣುವಂತೆ ನಿಂತರೆ ಗಾಬರಿ ಕಡಿಮೆ.

ಹಂತ 7: ಕೋಣೆಯನ್ನು ಹದಗೊಳಿಸಿ

ಒಬ್ಬರು ಅವರನ್ನು ಹೊರಗೆ ಕೂರಿಸಿ ಕಾಫಿ ಕೊಡುತ್ತಿರುವಾಗ ಇನ್ನೊಬ್ಬರು ಕೋಣೆಗೆ ಹೋಗಿ ಅರ್ಧ ಗಂಟೆ ಕೆಲಸ ಮಾಡಬೇಕು. ಮೊದಲು ಕನ್ನಡಿ. ಹೋಟೆಲಿನ ಕಪಾಟಿನ ಆಳೆತ್ತರದ ಕನ್ನಡಿಯಲ್ಲಿ ತಮ್ಮ ಮುಖವನ್ನೇ ಗುರುತಿಸದೆ, ಯಾರೋ ಮುದುಕ ಕೋಣೆಯೊಳಗೆ ಬಂದಿದ್ದಾನೆ ಎಂದು ರಾತ್ರಿಯಿಡೀ ಅವನನ್ನು ಹೊರಗೆ ಹೋಗೆನ್ನುವವರಿದ್ದಾರೆ. ಒಂದು ಪಂಚೆ ಇಳಿಬಿಟ್ಟರೆ ಆ ಮುದುಕ ಹೋಗುತ್ತಾನೆ. ನೆಲದ ಮೇಲಿನ ಕಪ್ಪು ಕಾಲೊರಸು ಅವರ ಕಣ್ಣಿಗೆ ಹೊಂಡದಂತೆ ಕಾಣಬಹುದಾದ್ದರಿಂದ ಸುತ್ತಿಡಿ. ಶೌಚಾಲಯದ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಅದರ ದೀಪ ರಾತ್ರಿಯಿಡೀ ಉರಿಯಲಿ. ಕೆಟಲ್, ಚಾಕು, ಸೊಳ್ಳೆ ಔಷಧದ ಬಾಟಲಿ ಮೇಲಿಡಿ. ಹೊರಬಾಗಿಲ ಹಿಡಿಕೆಗೆ ಒಂದು ಗೆಜ್ಜೆ ಕಟ್ಟಿ, ತೆರೆದರೆ ಸದ್ದಾಗುತ್ತದೆ.

ಸ್ನಾನಕ್ಕೆ ಶವರ್ ಬೇಡ. ತಲೆಯ ಮೇಲಿಂದ ತಟ್ಟನೆ ಸುರಿಯುವ ನೀರು ಇವರನ್ನು ಹೆದರಿಸುತ್ತದೆ. ಬಕೆಟ್, ಚೊಂಬು, ಕೂರಲು ಜಾರದ ಸ್ಟೂಲು ಕೇಳಿ ತರಿಸಿಕೊಂಡು, ಮೊದಲ ಚೊಂಬನ್ನು ಪಾದಕ್ಕೆ ಹಾಕಿ, ಅವರ ಕೈಗೇ ಚೊಂಬು ಕೊಡಿ. ಎಪ್ಪತ್ತು ವರ್ಷದ ರೂಢಿ ಮುಂದಿನದನ್ನು ನೋಡಿಕೊಳ್ಳುತ್ತದೆ. ಮೊದಲ ದಿನ ಸ್ನಾನ ಒಲ್ಲೆನೆಂದರೆ ಬಿಟ್ಟುಬಿಡಿ.

ಸಂಜೆ ಐದೂವರೆಗೇ ಎಲ್ಲ ದೀಪ ಹಚ್ಚಿ, ಪರದೆ ಎಳೆಯಿರಿ. ಹೊತ್ತು ಮುಳುಗುವಾಗ ಏಳುವ ತಳಮಳ ಹೊಸ ಜಾಗದಲ್ಲಿ ಹೆಚ್ಚು. ‘ಮನೆಗೆ ಹೋಗೋಣ’ ಎಂದರೆ ‘ಇದೇ ಹೋಟೆಲು, ಬೆಳಿಗ್ಗೆ ತಾನೇ ಹೇಳಿದೆನಲ್ಲ’ ಎಂದು ವಾದಿಸಬೇಡಿ. ‘ಹೋಗೋಣ, ಊಟ ಮಾಡಿ ಹೊರಡೋಣ, ನಿಮ್ಮ ಮನೆಯಲ್ಲಿ ಯಾರ್ಯಾರು ಇದ್ದರು ಹೇಳಿ’ ಎಂದರೆ ಮಾತು ಬೇರೆ ದಾರಿ ಹಿಡಿಯುತ್ತದೆ.

ಹಂತ 8: ದಿನಗಳನ್ನು ಕಳೆಯುವ ರೀತಿ

ದಿನಕ್ಕೆ ಒಂದೇ ಹೊರಗಿನ ಸುತ್ತಾಟ, ಅದೂ ಬೆಳಿಗ್ಗೆ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅರ್ಧ ಗಂಟೆ, ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಕಾಣುವಂತೆ ಕಾರಿನಲ್ಲೇ ಕೂತು ಒಂದು ಗಂಟೆ. ಅಷ್ಟು ಸಾಕು. ಅರಮನೆಯ ದೀಪಾಲಂಕಾರ ನೋಡಲು ಸಂಜೆಯ ಜನಜಂಗುಳಿಗೆ ಕರೆದೊಯ್ಯಬೇಡಿ. ಬೇಕಿದ್ದರೆ ಆರೈಕೆ ಮಾಡುವವರು ತಮ್ಮ ಬಿಡುವಿನಲ್ಲಿ ಹೋಗಿ ಬರಲಿ. ದೇವಸ್ಥಾನಕ್ಕೆ ಬಾಗಿಲು ತೆರೆದ ಕೂಡಲೇ, ಮಂಗಳಾರತಿಯ ನೂಕುನುಗ್ಗಲಿಗೆ ಮೊದಲು ಹೋಗಿ.

ಉಳಿದ ಹೊತ್ತಿನಲ್ಲಿ ಕೈಗೆ ಕೆಲಸವಿರಲಿ. ಡಿಸೆಂಬರ್–ಜನವರಿಯಾದರೆ ಅವರೆಕಾಯಿ ಸುಲಿಯುವುದು, ಕಾಳು ಹಿಸುಕುವುದು, ಹೂ ಕಟ್ಟುವುದು, ತೋಟದ ಮನೆಯಾದರೆ ಅಡಿಕೆ ಆರಿಸುವುದು. ಹೆಸರು ನೆನಪಿಲ್ಲದ ಬೆರಳುಗಳಿಗೆ ಹೂವಿನ ಗಂಟು ನೆನಪಿರುತ್ತದೆ. ‘ನಾನು ಯಾರು ಹೇಳು ನೋಡೋಣ’ ಎಂಬ ಪರೀಕ್ಷೆಯನ್ನು ಬಂಧುಗಳು ಯಾರೂ ಮಾಡದಂತೆ ನೋಡಿಕೊಳ್ಳಿ. ದಂಪತಿಗಳಾಗಿದ್ದರೆ ದಿನಕ್ಕೊಮ್ಮೆ ಇಬ್ಬರೇ ಕೂತು ಕಾಫಿ ಕುಡಿಯಲಿ, ಸಹಾಯಕರು ಹತ್ತು ಹೆಜ್ಜೆ ದೂರವಿರಲಿ. ಆ ಹೊತ್ತಿನಲ್ಲಿ ಹೆಂಡತಿ ನರ್ಸ್ ಆಗಿರಬೇಕಿಲ್ಲ.

ನಾಳೆಗೇ ಮರೆತುಹೋಗುವವರಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವ ನೆಂಟರು ಇದ್ದೇ ಇರುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಜೈಮರ್ ಇರುವವರಿಗೆ ಸಂತೋಷದ ಮತ್ತು ದುಃಖದ ಚಿತ್ರತುಣುಕುಗಳನ್ನು ತೋರಿಸಿದಾಗ, ಕಂಡದ್ದನ್ನು ಅವರು ಬಹುಪಾಲು ಮರೆತ ಮೇಲೂ ಅದು ಮೂಡಿಸಿದ ಭಾವನೆ ಉಳಿದಿತ್ತು. ನೆಂಟರಿಗೆ ಇದನ್ನು ತಿಳಿಸಿ.

ಹಂತ 9: ಕಾಣೆಯಾದರೆ

ದಿನವೂ ಬೆಳಿಗ್ಗೆ ಬಟ್ಟೆ ತೊಡಿಸಿದ ಕೂಡಲೇ ಒಂದು ಫೋಟೊ ತೆಗೆಯಿರಿ. ಕಿಸೆಯಲ್ಲಿ ಚೀಟಿ, ಕೈಯಲ್ಲಿ ಫೋನ್ ಸಂಖ್ಯೆ ಕೆತ್ತಿಸಿದ ಕಡಗ ಇರಲಿ. ಕಣ್ಣಿಗೆ ಕಾಣದಿದ್ದರೆ ಮೊದಲು ಬಾವಿ, ಕೆರೆ, ಹೆದ್ದಾರಿಯ ದಿಕ್ಕಿಗೆ ಒಬ್ಬೊಬ್ಬರು ಓಡಲಿ, ಒಬ್ಬರು ಕೋಣೆಯಲ್ಲೇ ಉಳಿಯಲಿ. ಕಾಲು ಗಂಟೆಯಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ ‘ಡಿಮೆನ್ಷಿಯಾ ಇರುವ ಹಿರಿಯರು’ ಎಂದು ಹೇಳಿ, ಅದೇ ಬೆಳಗಿನ ಫೋಟೊ ಕಳಿಸಿ. ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬ ಮಾತು ತಪ್ಪು. ಸಿಕ್ಕ ಮೇಲೆ ಗದರಬೇಡಿ.

ಹಂತ 10: ಮರಳಿದ ಮೇಲೆ

ಬಂದ ಮರುದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ, ಸಹಾಯಕರನ್ನು ಆ ಒಂದು ದಿನವೂ ಉಳಿಸಿಕೊಳ್ಳಿ. ಮೂರೂ ರಾತ್ರಿಗಳ ನಿದ್ರೆಯನ್ನು ಮನೆಯಲ್ಲಿನ ನಿದ್ರೆಯೊಂದಿಗೆ ಹೋಲಿಸಲಿಕ್ಕಾಗಿ ಬರೆದಿಟ್ಟರೆ ಮುಂದಿನ ಸಲ ಎಷ್ಟು ದಿನ ಹೋಗಬಹುದು, ಅಥವಾ ಇನ್ನು ಹೋಗುವುದು ಬೇಡವೇ ಎಂಬುದು ಗೊತ್ತಾಗುತ್ತದೆ. ಇನ್ನು ಹೊರಡಲಾಗದ ಹಂತ ಬಂದಾಗ ಆರೈಕೆ ಮಾಡುವವರ ವಿಶ್ರಾಂತಿಯನ್ನು ಕೈಬಿಡಬೇಕಿಲ್ಲ. ಬೆಂಗಳೂರಿನ ಕಸ್ತೂರಿನಗರದಲ್ಲಿರುವ ನೈಟಿಂಗೇಲ್ಸ್ ಕೇಂದ್ರದಂಥ ಕಡೆ ಕಾಯಿಲೆ ಇರುವವರನ್ನು ಕೆಲವು ದಿನ ಇರಿಸಿಕೊಳ್ಳುವ ವ್ಯವಸ್ಥೆಯಿದೆ. ಹಿರಿಯರ ವಿಷಯದ ಮಾಹಿತಿಗೆ 14567 ಸಹಾಯವಾಣಿ ಇದೆ. ಆರೈಕೆ ಮಾಡುವವರ ಮನಸ್ಸೇ ಕುಸಿಯುತ್ತಿದ್ದರೆ ಟೆಲಿ ಮಾನಸ್‌ನ 14416 ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ.

ಪ್ರಯಾಣದ ದಣಿವಿನಿಂದ ಒಂದೆರಡು ದಿನ ಮಂಕಾಗಿರುವುದು ಸಹಜ. ಮೂರನೆಯ ದಿನವೂ ಹೊಸದಾಗಿ ಬಂದ ಗೊಂದಲ, ಅತಿಯಾದ ತೂಕಡಿಕೆ ಅಥವಾ ಕೂಗಾಟ ಇಳಿಯದಿದ್ದರೆ, ಇಲ್ಲವೇ ಜ್ವರ, ಊಟ ನೀರು ಬಿಡುವುದು ಯಾವ ದಿನವೇ ಕಂಡರೂ, ಅದನ್ನು ಕಾಯಿಲೆ ಮುಂದುವರಿದಿದೆ ಎಂದು ಒಪ್ಪಿಕೊಳ್ಳದೆ ಮೂತ್ರ ಪರೀಕ್ಷೆ ಮಾಡಿಸಿ, ಮಲಬದ್ಧತೆ ಇದೆಯೇ ನೋಡಿ, ವೈದ್ಯರ ಬಳಿಗೆ ಕರೆದೊಯ್ಯಿರಿ.